ಮೇನಲ್ಲಿ 29, ಜುಲೈನಲ್ಲಿ 8: ರಸ್ತೆ ಸಾವಿನ ಲೆಕ್ಕ ಓದೋದು ಹೇಗೆ

(ಮಂಡ್ಯದಲ್ಲಿ ಒಂದು ಸಂಜೆ ಮಾತಾಡಿದ್ದರ ಬರಹ ರೂಪ. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದು, ಹಾಗಾಗಿ ಮಾತಿನ ಧಾಟಿ ಹಾಗೇ ಬಿಟ್ಟಿದ್ದೀನಿ. ಬೋರ್ಡ್ ಮೇಲೆ ಗೀಚಿ ತೋರಿಸಿದ್ದನ್ನ ಮಾತ್ರ ಇಲ್ಲಿ ಬಿಡಿಸಿ ಬರೆದಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಬೋರ್ಡ್ ಕಾಣ್ತಿದ್ಯಾ? ಸರಿ. ಮೂರು ನಂಬರ್ ಬರೆದಿದ್ದೀನಿ ನೋಡಿ. 29, 28, 8. ನಮ್ಮ ಬೆಂಗಳೂರು-ಮೈಸೂರು ಹೈವೇಲಿ 2023ರ ಮೇ, ಜೂನ್, ಜುಲೈ ತಿಂಗಳಲ್ಲಿ ಸತ್ತವರ ಲೆಕ್ಕ ಇದು. ನಾನು ಕೂತು ಎಣಿಸಿದ್ದಲ್ಲ, ಆಗ ಟ್ರಾಫಿಕ್ ಮತ್ತು ರಸ್ತೆ ಸುರಕ್ಷತೆ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಅವರೇ ಹೇಳಿದ್ದು. ಈಗ ಹೇಳಿ, ಜೂನಲ್ಲಿ 28 ಇದ್ದಿದ್ದು ಜುಲೈನಲ್ಲಿ 8 ಯಾಕಾಯ್ತು? (ಮುಂದಿನ ಸಾಲಿಂದ ಒಬ್ರು: "ಬೈಕು ಆಟೋ ಬಿಡೋದು ನಿಲ್ಲಿಸಿದ್ರಲ್ಲ ಸಾರ್.") ಎಲ್ಲಿ ಕೇಳಿದ್ರೂ ಮೊದಲು ಬರೋ ಉತ್ತರ ಇದೇ. ಆದ್ರೆ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ಮೇನ್ ರೋಡಲ್ಲಿ ನಿಷೇಧ ಜಾರಿಗೆ ಬಂದಿದ್ದು ಆಗಸ್ಟ್ 1ಕ್ಕೆ. ಸಾವು ಇಳಿದಿದ್ದು ಅದರ ಹಿಂದಿನ ತಿಂಗಳು. ಹಾಗಂತ ನಿಷೇಧದಿಂದ ಉಪಯೋಗ ಆಗಿಲ್ಲ ಅಂತ ನಾನು ಹೇಳ್ತಿಲ್ಲ, ಆ 8ಕ್ಕೆ ಅದು ಕಾರಣ ಆಗಿರೋಕೆ ಸಾಧ್ಯ ಇಲ್ಲ ಅಂತ ಅಷ್ಟೇ. ಇದನ್ನ ಇಲ್ಲಿಗೇ ಬಿಟ್ಟಿರೋಣ, ಆಮೇಲೆ ವಾಪಸ್ ಬರ್ತೀನಿ, ಯಾಕಂದ್ರೆ ಅದಕ್ಕೆ ಮುಂಚೆ ಈ ನಂಬರ್ ಅನ್ನೋದು ಎಲ್ಲಿಂದ ಹುಟ್ಟತ್ತೆ ಅಂತ ಗೊತ್ತಾಗಬೇಕು.

ರಸ್ತೆ ಸಾವಿನ ಲೆಕ್ಕ ಹುಟ್ಟೋದು ಪೊಲೀಸ್ ಸ್ಟೇಷನ್ನಲ್ಲಿ. ಆಸ್ಪತ್ರೆಲಿ ಅಲ್ಲ, ಸ್ಮಶಾನದಲ್ಲಿ ಅಲ್ಲ, ತಾಲೂಕು ಆಫೀಸಲ್ಲೂ ಅಲ್ಲ. ಒಂದು ಕೇಸ್ ಇಟ್ಕೊಂಡು ನೋಡೋಣ, ಕಲ್ಪನೆದೇ ಇರಲಿ. ಮದ್ದೂರು ಹತ್ರ ಬೈಕಿಗೆ ಲಾರಿ ಗುದ್ದಿದೆ, ಹುಡುಗನಿಗೆ ತಲೆಗೆ ಪೆಟ್ಟು. ಮೊದಲು ಮದ್ದೂರು ಆಸ್ಪತ್ರೆ, ಅಲ್ಲಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆ, ಅಲ್ಲಿ ನೋಡಿ ನಿಮ್ಹಾನ್ಸ್‌ಗೆ ಕರ್ಕೊಂಡೋಗಿ ಅಂತಾರೆ. ಆಸ್ಪತ್ರೆಯಿಂದ ಎಂಎಲ್‌ಸಿ ಮೆಮೋ, ಅಂದ್ರೆ ಇದು ಪೊಲೀಸ್ ಕೇಸ್ ಆಗೋ ಗಾಯ ಅಂತ ತಿಳಿಸೋ ಚೀಟಿ, ಸ್ಟೇಷನ್ನಿಗೆ ಹೋಗತ್ತೆ. ಹುಡುಗನ ಅಣ್ಣನೋ ಮಾವನೋ ಬಂದು ದೂರು ಬರ್ಕೊಡ್ತಾರೆ, ಎಫ್‌ಐಆರ್ ಆಗತ್ತೆ, ಆಗಿನ್ನೂ ಹುಡುಗ ಬದುಕಿರ್ತಾನೆ, ಹಾಗಾಗಿ ಹಾಕೋದು ಗಾಯದ ಸೆಕ್ಷನ್ನು. ಹಿಂದೆ ಐಪಿಸಿ 279, 338 ಅಂತಿತ್ತು, 2024ರ ಜುಲೈ 1ರಿಂದ ಹೊಸ ಕಾನೂನು ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್ 281, 125 ಆಗಿದೆ. ಹತ್ತು ಹನ್ನೆರಡು ದಿನ ಐಸಿಯುಲಿದ್ದು ಹುಡುಗ ತೀರ್ಕೊಂಡ ಅನ್ಕೊಳ್ಳಿ. ಸಾವಾಗಿದ್ದು ಬೆಂಗಳೂರಲ್ಲಿ, ಕೇಸ್ ಇರೋದು ಮದ್ದೂರಲ್ಲಿ. ಅಲ್ಲಿಂದ ಡೆತ್ ಮೆಮೋ ಇಲ್ಲಿಗೆ ಬರಬೇಕು, ಇಲ್ಲಿಂದ ಕೋರ್ಟಿಗೆ ಬರೆದು ಸಾವಿನ ಸೆಕ್ಷನ್ ಸೇರಿಸ್ಕೋಬೇಕು, ಹಿಂದೆ 304ಎ, ಈಗ 106. ಇಷ್ಟೆಲ್ಲ ಆಗಿ, ಆಗಲೇ ಮೇಲಕ್ಕೆ ಹೋಗಿರೋ ತಿಂಗಳ ಸ್ಟೇಟ್‌ಮೆಂಟಲ್ಲೂ ತಿದ್ದುಪಡಿ ಆದ್ರೆ ಮಾತ್ರ ಆ ಹುಡುಗ ಸಾವಿನ ಕಾಲಂಗೆ ಬರ್ತಾನೆ. ಎಲ್ಲಾದ್ರೂ ಒಂದು ಕೊಂಡಿ ತಪ್ಪಿದ್ರೆ ಅವನು ತೀವ್ರ ಗಾಯಾಳು ಆಗಿಯೇ ಉಳೀತಾನೆ, ಪುಸ್ತಕದಲ್ಲಿ ಇವತ್ತಿಗೂ ಬದುಕಿರ್ತಾನೆ.

ಅಪಘಾತ ಆಗಿ 30 ದಿನದೊಳಗೆ ಸತ್ರೆ ಅದು ರಸ್ತೆ ಸಾವು ಅನ್ನೋದು ಲೆಕ್ಕದ ನಿಯಮ. ಪ್ರಪಂಚದ ತುಂಬಾ ದೇಶಗಳಲ್ಲಿ ಇದೇ ಇದೆ, ನಮ್ಮ ಕೇಂದ್ರ ಸಾರಿಗೆ ಸಚಿವಾಲಯದ ವರದಿಲೂ ಇದೇ. ಸ್ಪಾಟಲ್ಲೇ ಸತ್ತವರು ಲೆಕ್ಕ ತಪ್ಪಿಸ್ಕೊಳ್ಳೋದು ಕಮ್ಮಿ, ಆಮೇಲೆ ಬೇರೆ ಜಿಲ್ಲೆ ಆಸ್ಪತ್ರೆಲಿ ಸತ್ತವರು ತಪ್ಪಿಸ್ಕೊಳ್ಳೋದು ಜಾಸ್ತಿ. ಇನ್ನೊಂದು ಥರ ಇದೆ, ಸೆಲ್ಫ್ ಆಕ್ಸಿಡೆಂಟ್ ಅಂತಾರಲ್ಲ, ಯಾರೂ ಗುದ್ದಿಲ್ಲ, ಬೈಕ್ ಸ್ಕಿಡ್ ಆಗಿಯೋ ಹಂಪ್ ಎಗರಿಯೋ ಬಿದ್ದಿದ್ದು. ಎದುರಿಗೆ ಗಾಡಿ ಇಲ್ಲ ಅಂದ್ರೆ ಥರ್ಡ್ ಪಾರ್ಟಿ ಇನ್ಶೂರೆನ್ಸೂ ಇಲ್ಲ, ಪರಿಹಾರ ಇಲ್ಲದ ಮೇಲೆ ಮನೆಯವರಿಗೆ ಸ್ಟೇಷನ್ ಸುತ್ತೋಕೆ ಏನು ಆಸೆ ಇರತ್ತೆ ಹೇಳಿ. ಒಂದೊಂದ್ಸಲ ಅದು ಅಸಹಜ ಸಾವು ಅಂತ ಯುಡಿಆರ್ ಆಗಿ ಬೇರೆ ರಿಜಿಸ್ಟರ್‌ಗೆ ಹೋಗತ್ತೆ.

ಇದೆಲ್ಲ ಸೇರಿ ದೇಶದ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಬರಬಹುದು? 2016ರಲ್ಲಿ ಭಾರತದಲ್ಲಿ ಪೊಲೀಸ್ ಲೆಕ್ಕದ ಸಾವು 1,50,785. ಅದೇ ವರ್ಷಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಅಂದಾಜು ಹತ್ರಹತ್ರ 3 ಲಕ್ಷ. ಅಂದಾಜು ಅಂದಾಜೇ, ಅದನ್ನೂ ಕಣ್ಮುಚ್ಚಿ ನಂಬಬೇಕಿಲ್ಲ, ಆದ್ರೆ ಡಬಲ್ ಅಂದ್ರೆ ಸುಮ್ನೆ ಬಿಡೋ ವ್ಯತ್ಯಾಸ ಅಲ್ಲ. ನಮ್ಮದೇ ಎರಡು ಸರ್ಕಾರಿ ಪುಸ್ತಕ ಕೂಡ ಒಂದೇ ಮಾತು ಹೇಳಲ್ಲ. 2022ಕ್ಕೆ ಸಾರಿಗೆ ಸಚಿವಾಲಯದ ವರದಿ 1,68,491 ಅನ್ನತ್ತೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಎನ್‌ಸಿಆರ್‌ಬಿ, 1,71,100 ಅನ್ನತ್ತೆ, ಎರಡಕ್ಕೂ ಮೂಲ ಪೊಲೀಸ್ ಇಲಾಖೆನೇ. 2020ಕ್ಕಂತೂ ಸಾರಿಗೆ ಸಚಿವಾಲಯ ಮೊದಲು ಅಚ್ಚು ಹಾಕಿದ್ದು 1,31,714, ಆಮೇಲಿನ ವರದಿಗಳಲ್ಲಿ ಅದೇ ವರ್ಷ 1,38,383 ಆಗಿದೆ. ಆರೂವರೆ ಸಾವಿರ ಜನ ತಡವಾಗಿ ಲೆಕ್ಕಕ್ಕೆ ಬಂದ್ರು. ಅದಕ್ಕೆ ಪೇಪರಲ್ಲಿ ಜನವರಿ ಮೊದಲನೇ ವಾರ ಬರೋ "ಕಳೆದ ವರ್ಷ ಇಷ್ಟು ಸಾವು" ಅನ್ನೋ ಸುದ್ದಿನ ಕರಡು ಪ್ರತಿ ಅಂತ ಓದಿ.

ಇಷ್ಟು ಓಟೆ ಇದ್ದಮೇಲೆ ಈ ಲೆಕ್ಕನ ಯಾಕ್ರೀ ನೋಡ್ಬೇಕು ಅಂತ ನೀವು ಕೇಳ್ತೀರ. ನೋಡ್ಲೇಬೇಕು, ಯಾಕಂದ್ರೆ ಇರೋದ್ರಲ್ಲಿ ಸಾವಿನ ಲೆಕ್ಕನೇ ಗಟ್ಟಿ. ಹೆಣ ಮುಚ್ಚಿಡೋದು ಕಷ್ಟ, ಗಾಯ ಮುಚ್ಚಿಡೋದು ಬಹಳ ಸುಲಭ. "ಒಟ್ಟು ಅಪಘಾತ" ಅನ್ನೋ ಕಾಲಂ ಇದ್ಯಲ್ಲ, ಅದು ರಸ್ತೆ ಬಗ್ಗೆ ಹೇಳೋದಕ್ಕಿಂತ ಆ ಊರಲ್ಲಿ ಜನ ಎಷ್ಟು ಕೇಸ್ ಕೊಡ್ತಾರೆ, ಸ್ಟೇಷನ್ನು ಎಷ್ಟು ತಗೊಳತ್ತೆ ಅನ್ನೋದನ್ನೇ ಜಾಸ್ತಿ ಹೇಳತ್ತೆ. 2022ರಲ್ಲಿ ಕೇರಳದಲ್ಲಿ ದಾಖಲಾದ ಅಪಘಾತ 43,910. ಉತ್ತರ ಪ್ರದೇಶದಲ್ಲಿ 41,746. ಕೇರಳದ ಜನಸಂಖ್ಯೆ ಮೂರೂವರೆ ಕೋಟಿ, ಉತ್ತರ ಪ್ರದೇಶದ್ದು ಅದರ ಆರು ಪಟ್ಟಿಗೂ ಜಾಸ್ತಿ. ಈಗ ಸಾವು ನೋಡಿ: ಕೇರಳ 4,317, ಉತ್ತರ ಪ್ರದೇಶ 22,595. ಅಂದ್ರೆ ಕೇರಳದಲ್ಲಿ ನೂರು ಅಪಘಾತಕ್ಕೆ ಹತ್ತು ಸಾವು, ಅಲ್ಲಿ ನೂರಕ್ಕೆ 54. ಈ "ನೂರಕ್ಕೆ ಎಷ್ಟು ಸಾವು" ಅನ್ನೋದನ್ನ ವರದಿಲಿ ತೀವ್ರತೆ ಅಂತ ಕರೀತಾರೆ, ಪೇಪರಿನವರು ಅದನ್ನೇ ಎತ್ಕೊಂಡು ಇಂಥ ರಾಜ್ಯದ ರಸ್ತೆ ಐದು ಪಟ್ಟು ಘೋರ ಅಂತ ಬರೀತಾರೆ. ಸ್ವಲ್ಪ ಘೋರ ಇರಬಹುದು, ಅಲ್ಲಿ ಹೈವೇ ಸ್ಪೀಡು ಜಾಸ್ತಿ ಇರಬಹುದು, ಆಂಬುಲೆನ್ಸ್ ತಡ ಆಗಬಹುದು, ಆದ್ರೆ ದೊಡ್ಡ ಪಾಲು ಏನಂದ್ರೆ ಕೇರಳದಲ್ಲಿ ಕೈಕಾಲು ತರಚಿದ್ದಕ್ಕೂ ಕೇಸ್ ಆಗತ್ತೆ, ಅಲ್ಲಿ ಆಗಲ್ಲ. ಕರ್ನಾಟಕ ಇವೆರಡರ ಮಧ್ಯದಲ್ಲಿದೆ, ಅದೇ ವರ್ಷ 39,762 ಅಪಘಾತ, 11,702 ಸಾವು, ನೂರಕ್ಕೆ 29. ಹಾಗಾಗಿ ಎರಡು ಜಿಲ್ಲೆ ಹೋಲಿಸೋವಾಗ ಅಪಘಾತದ ಸಂಖ್ಯೆ ಬದಿಗಿಟ್ಟು ಸಾವು ಮಾತ್ರ ನೋಡಿ. ನಾಳೆ ಯಾರೋ ಒಬ್ಬ ಶಿಸ್ತಿನ ಇನ್ಸ್‌ಪೆಕ್ಟರ್ ಬಂದು ಸಣ್ಣ ಸಣ್ಣದಕ್ಕೂ ಎಫ್‌ಐಆರ್ ಮಾಡೋಕೆ ಶುರು ಮಾಡಿದ್ರೆ ಆ ಸ್ಟೇಷನ್ ವ್ಯಾಪ್ತಿಲಿ "ಅಪಘಾತ ಏರಿಕೆ" ಆಗತ್ತೆ, ಪಾಪ ಅವರಿಗೇ ಮೇಲಿಂದ ನೋಟಿಸ್ ಬರತ್ತೆ.

ಇನ್ನೊಂದು ಸಣ್ಣ ವಿಷಯ, ಆದ್ರೆ ದಿನಾ ಗೊಂದಲ ಮಾಡೋದು. ಮಾರಣಾಂತಿಕ ಅಪಘಾತ ಬೇರೆ, ಸತ್ತವರು ಬೇರೆ. ಕನಗನಮರಡಿ ನಿಮಗೆಲ್ಲ ನೆನಪಿರತ್ತೆ, 2018ರ ನವೆಂಬರ್ 24, ಅವತ್ತು ರಾತ್ರಿನೇ ಅಂಬರೀಶ್ ಅವರು ತೀರ್ಕೊಂಡಿದ್ದು, ಹಾಗಾಗಿ ಮಂಡ್ಯದವರು ಯಾರೂ ಆ ದಿನ ಮರೆಯಲ್ಲ. ಪಾಂಡವಪುರ ತಾಲೂಕಲ್ಲಿ ವಿಸಿ ನಾಲೆಗೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆಗೆ, ಖಾಸಗಿ ಬಸ್ಸು ಬಿದ್ದು 30 ಜನ ಹೋದ್ರು, ಸ್ಕೂಲ್ ಮಕ್ಕಳೂ ಇದ್ರು ಅದರಲ್ಲಿ. ಮಾರಣಾಂತಿಕ ಅಪಘಾತದ ಕಾಲಂನಲ್ಲಿ ಅದು 1. ಸತ್ತವರ ಕಾಲಂನಲ್ಲಿ 30. ಆ ವರ್ಷದ್ದನ್ನ ಮುಂದಿನ ವರ್ಷದ ಜೊತೆ ಹೋಲಿಸಿದ್ರೆ ಜಿಲ್ಲೆಲಿ ಯಾರೂ ಏನೂ ಮಾಡದೇ ಇದ್ರೂ 30 ಸಾವಿನ ಇಳಿಕೆ ಪುಕ್ಕಟೆ ಸಿಗತ್ತೆ. ರಸ್ತೆ ಸುಧಾರಿಸಿದ್ಯಾ ಅಂತ ನೋಡೋಕೆ ಮಾರಣಾಂತಿಕ ಅಪಘಾತ ಎಷ್ಟು ಅನ್ನೋದು ಒಳ್ಳೇ ಅಳತೆ. ನಾಲೆ ಏರಿ ಮೇಲೆ ತಡೆಗೋಡೆ ಬೇಕಾ ಅಂತ ಕೇಳೋವಾಗ ಸತ್ತವರ ಸಂಖ್ಯೆ ಬೇಕು, ಯಾಕಂದ್ರೆ ಅಲ್ಲಿ ಅಪಘಾತ ಅಪರೂಪ, ಆದ್ರೆ ಆದಾಗ ಬಸ್ಸೇ ಮುಳುಗತ್ತೆ. ಯಾವ ಪ್ರಶ್ನೆಗೆ ಯಾವ ಕಾಲಂ ಅಂತ ಮೊದಲೇ ತೀರ್ಮಾನ ಮಾಡ್ಕೋಬೇಕು, ನಂಬರ್ ನೋಡಿ ಆಮೇಲೆ ಅನುಕೂಲಕ್ಕೆ ತಕ್ಕ ಕಾಲಂ ಆರಿಸ್ಕೋಬಾರದು (ಇದನ್ನ ಭಾಷಣ ಮಾಡೋರಿಗೂ ಹೇಳ್ತಿದ್ದೀನಿ).

ಈಗ ಬೆಂಗಳೂರಿಗೆ ಹೋಗೋಣ. ಮಿಲಿಯನ್ ಜನಸಂಖ್ಯೆ ದಾಟಿದ ಸಿಟಿಗಳ ಪಟ್ಟಿಲಿ 2023ಕ್ಕೆ ದೆಹಲಿ 1,457 ಸಾವಿನ ಜೊತೆ ಮೊದಲು, ಬೆಂಗಳೂರು 915, ಎರಡನೇದು. "ಬೆಂಗಳೂರು ರಸ್ತೆ ಸಾವಲ್ಲಿ ದೇಶಕ್ಕೇ ಎರಡನೇ ಸ್ಥಾನ" ಅಂತ ಎಲ್ಲ ಕಡೆ ಬಂತು. ದೊಡ್ಡ ಊರು, ಹಾಗಾಗಿ ದೊಡ್ಡ ನಂಬರ್, ಅದರಲ್ಲಿ ಆಶ್ಚರ್ಯ ಏನಿದೆ? ತಲೆಗೆ ಹಂಚಿ ನೋಡೋಣ. 2022 ತಗೊಳ್ತೀನಿ, ರಾಜ್ಯದ್ದೂ ಕೈಲಿದೆ ಅಂತ. ಬೆಂಗಳೂರು ಸಿಟಿ 772, ರಾಜ್ಯ 11,702. ಅಂದ್ರೆ ಬೆಂಗಳೂರು ಬಿಟ್ಟು ಉಳಿದ ಕರ್ನಾಟಕದಲ್ಲಿ 10,930. ಜನಸಂಖ್ಯೆಗೆ ನಮ್ಮ ಹತ್ರ ಇರೋದು 2011ರ ಸೆನ್ಸಸ್ಸು, ರಾಜ್ಯ 6.11 ಕೋಟಿ, ಬಿಬಿಎಂಪಿ ವ್ಯಾಪ್ತಿ 84 ಲಕ್ಷ. ಹಳೇದು ಹಳೇದೇ, ಆದ್ರೂ ಅದನ್ನೇ ಹಾಕಿದ್ರೆ ಬೆಂಗಳೂರಲ್ಲಿ ಲಕ್ಷಕ್ಕೆ 9, ಉಳಿದ ರಾಜ್ಯದಲ್ಲಿ ಲಕ್ಷಕ್ಕೆ 20ರ ಮೇಲೆ. ಬೆಂಗಳೂರಲ್ಲಿ 2011ರಿಂದ ಜನ ಎಷ್ಟು ತುಂಬ್ಕೊಂಡಿದ್ದಾರೆ ಅಂತ ನಿಮಗೇ ಗೊತ್ತು, 1 ಕೋಟಿ 30 ಲಕ್ಷ ಅಂತ ಇಟ್ಕೊಂಡ್ರೆ ಲಕ್ಷಕ್ಕೆ 6ಕ್ಕೆ ಬರತ್ತೆ. ಪೊಲೀಸ್ ಕಮಿಷನರೇಟ್ ಗಡಿ, ಆಗಿನ ಬಿಬಿಎಂಪಿ ಗಡಿ ಎರಡೂ ಒಂದೇ ಆಗಿರಲಿಲ್ಲ, ಹಾಗಾಗಿ ದಶಮಾಂಶಕ್ಕೆ ಜಗಳ ಬೇಡ. ಆದ್ರೆ ಡಬಲ್‌ಗಿಂತ ಜಾಸ್ತಿ ವ್ಯತ್ಯಾಸ ಗಡಿ ಗಲಾಟೆಲಿ ಅಳಿಸಿ ಹೋಗಲ್ಲ. ಸಿಲ್ಕ್ ಬೋರ್ಡ್ ಜಾಮಲ್ಲಿ ಹನ್ನೆರಡು ಕಿಲೋಮೀಟರ್ ಸ್ಪೀಡಲ್ಲಿ ಹೋಗೋನಿಗೆ ಬಿಪಿ ಏರತ್ತೆ, ಜೀವ ಹೋಗೋದು ಕಮ್ಮಿ. ಜೀವ ಹೋಗೋದು ಎಲ್ಲಿ ಅಂದ್ರೆ ಊರೊಳಗೆ ಹೈವೇ ನುಗ್ಗಿರೋ ಕಡೆ, ಗದ್ದೆಯಿಂದ ಟ್ರ್ಯಾಕ್ಟರ್ ಟ್ರೈಲರ್ ಹಿಂದೆ ಒಂದು ರೆಡ್ ಲೈಟೂ ಇಲ್ಲದೇ ಕಬ್ಬು ತುಂಬ್ಕೊಂಡು ರಾತ್ರಿ ರಸ್ತೆಗೆ ಬರೋ ಕಡೆ. ಟಿವಿ ಕ್ಯಾಮೆರಾ ಇರೋದು ಸಿಲ್ಕ್ ಬೋರ್ಡಲ್ಲಿ.

ಗಾಡಿಗೆ ಹಂಚಬಾರದಾ ಅಂತ ಕೇಳ್ತಾರೆ, ಹತ್ತು ಸಾವಿರ ವಾಹನಕ್ಕೆ ಎಷ್ಟು ಸಾವು ಅಂತ. ಸರ್ಕಾರಿ ವರದಿಲಿ ಅದು ಇರತ್ತೆ, ನೋಡೋಕೆ ಚೆನ್ನಾಗಿರತ್ತೆ, ವರ್ಷವರ್ಷ ಇಳೀತಾನೂ ಇರತ್ತೆ, ಯಾಕಂದ್ರೆ ರಿಜಿಸ್ಟರ್ ಆದ ಗಾಡಿ ಗುಜರಿಗೆ ಹೋದ್ರೂ ಆರ್‌ಟಿಒ ಪಟ್ಟಿಯಿಂದ ಅಷ್ಟು ಬೇಗ ಹೋಗಲ್ಲ, ಕೆಳಗಿನ ನಂಬರ್ ಉಬ್ತಾನೇ ಇರತ್ತೆ. ಅದೂ ಅಲ್ಲದೇ ನಮ್ಮ ಜಿಲ್ಲೆ ಮೇಲೆ ಓಡೋ ಗಾಡಿಲಿ ನಮ್ಮ ಜಿಲ್ಲೆದೆಷ್ಟು? ಮಂಡ್ಯ ಜನಸಂಖ್ಯೆ 2011ರಲ್ಲಿ 18 ಲಕ್ಷ, ಆದ್ರೆ ವಾರಾಂತ್ಯ ಬಂದ್ರೆ ಬೆಂಗಳೂರಿಂದ ಮೈಸೂರು, ಊಟಿ, ಕೊಡಗು ಅಂತ ಹೋಗೋರೆಲ್ಲ ನಮ್ಮ ತಲೆ ಮೇಲೇ ಹೋಗ್ಬೇಕು. ಸತ್ತವರು ಬೇರೆ ಊರಿನವರಾದ್ರೂ ಲೆಕ್ಕಕ್ಕೆ ಬೀಳೋದು ನಮ್ಮ ಜಿಲ್ಲೆಗೆ, ಭಾಗಿಸೋದು ಮಾತ್ರ ನಮ್ಮ ಜನಸಂಖ್ಯೆಯಿಂದ. ಹೈವೇ ಹಾದು ಹೋಗೋ ಎಲ್ಲ ಜಿಲ್ಲೆಗೂ ಈ ಅನ್ಯಾಯ ಇದೆ, ತುಮಕೂರಿಗೂ ಇದೆ, ಚಿತ್ರದುರ್ಗಕ್ಕೂ ಇದೆ. ಸರಿಯಾದ ಭಾಜಕ ಅಂದ್ರೆ ಆ ರಸ್ತೆ ಮೇಲೆ ಗಾಡಿಗಳು ಒಟ್ಟು ಎಷ್ಟು ಕಿಲೋಮೀಟರ್ ಓಡಿದ್ವು ಅನ್ನೋದು. ಬೋರ್ಡ್ ಮೇಲಿರೋ ಬೆಂಗಳೂರು-ಮೈಸೂರು ಹೈವೇ, ಅಂದ್ರೆ ಎಕ್ಸ್‌ಪ್ರೆಸ್‌ವೇಗೆ ಟೋಲ್ ಇರೋದ್ರಿಂದ ಅದು ಸುಮಾರಾಗಿ ಸಿಗತ್ತೆ, ನಾಗಮಂಗಲ ರಸ್ತೆಗೆ ಸಿಗಲ್ಲ.

ಮುಂದಿನದು ಸ್ವಲ್ಪ ಗಣಿತ, ಹೆದರ್ಕೋಬೇಡಿ. ಒಂದು ತಾಲೂಕಲ್ಲಿ ವರ್ಷಕ್ಕೆ ಸರಾಸರಿ 16 ಮಾರಣಾಂತಿಕ ಅಪಘಾತ ಅನ್ಕೊಳ್ಳಿ. ರಸ್ತೆ ಬದಲಾಗಿಲ್ಲ, ಜನ ಬದಲಾಗಿಲ್ಲ, ಕುಡಿಯೋರು ಅಷ್ಟೇ ಕುಡೀತಿದ್ದಾರೆ, ಏನೂ ಬದಲಾಗಿಲ್ಲ. ಹಾಗಿದ್ರೂ ಪ್ರತಿ ವರ್ಷ 16 ಬರಲ್ಲ. 16ರ ವರ್ಗಮೂಲ 4. ಅದನ್ನ ಡಬಲ್ ಮಾಡಿ, 8. ಆ ತಾಲೂಕಿನ ಲೆಕ್ಕ ಇಪ್ಪತ್ತು ವರ್ಷದಲ್ಲಿ ಹತ್ತೊಂಬತ್ತು ವರ್ಷ 8ರಿಂದ 24ರ ಮಧ್ಯೆ ಸುಮ್ಮನೆ ತೂಗಾಡ್ತಾ ಇರತ್ತೆ. ಈ ವರ್ಷ 13, ಮುಂದಿನ ವರ್ಷ 20 ಬಂದ್ರೆ "ಶೇಕಡಾ 54 ಏರಿಕೆ" ಅಂತ ಹೆಡ್‌ಲೈನ್ ಬರತ್ತೆ, ಎಂಎಲ್‌ಎ ಮೀಟಿಂಗ್ ಕರೀತಾರೆ, ಆದ್ರೆ ಅಲ್ಲಿ ನಡೆದಿರೋದು ಏನೂ ಇಲ್ಲದೇ ಇರಬಹುದು. ರಾಗಿ ಕಾಳನ್ನ ಒಂದು ಹಿಡಿ ನೆಲದ ಮೇಲೆ ಎರಚಿ ನೋಡಿ, ಸಮನಾಗಿ ಬೀಳಲ್ಲ, ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ, ಆ ಗುಂಪಿಗೆ ಕಾರಣ ಹುಡುಕ್ತಾ ಕೂತ್ರೆ ಸಿಗಲ್ಲ. ಒಂದೊಂದು ಸ್ಟೇಷನ್ ಲೆಕ್ಕ ಇನ್ನೂ ಚಿಕ್ಕದು, 3 ಇದ್ದಿದ್ದು 6 ಆದ್ರೆ ದ್ವಿಗುಣ. ಅಂಥ ಕಡೆ ಶೇಕಡಾ ಅನ್ನೋದನ್ನೇ ಬಳಸಬಾರದು ಅಂತ ನನ್ನ ಅಭಿಪ್ರಾಯ, ನಂಬರ್ ಬರೀರಿ, ಸಾಕು. ಮೂರು ವರ್ಷದ್ದು ಸೇರಿಸಿ ನೋಡಿದ್ರೆ ಈ ತೂಗಾಟ ಸುಮಾರು ಕಮ್ಮಿ ಆಗತ್ತೆ.

ಯಾವ ವರ್ಷಕ್ಕೆ ಹೋಲಿಸ್ತಾ ಇದ್ದೀವಿ ಅನ್ನೋದಂತೂ ದೊಡ್ಡ ಆಟ. ರಾಜ್ಯದಲ್ಲಿ 2021ರಲ್ಲಿ 10,038 ಸಾವು, 2022ರಲ್ಲಿ 11,702, ಶೇಕಡಾ 16ಕ್ಕೂ ಮೇಲೆ ಏರಿಕೆ, ಭಯ ಆಗತ್ತೆ. ಆದ್ರೆ 2021 ಲಾಕ್‌ಡೌನ್ ವರ್ಷ. ಕೋವಿಡ್‌ಗೆ ಮುಂಚಿನ 2019ರಲ್ಲಿ 10,958 ಇತ್ತು, ಅದಕ್ಕೆ ಹೋಲಿಸಿದ್ರೆ ಮೂರು ವರ್ಷಕ್ಕೆ ಶೇಕಡಾ 7 ಕೂಡ ಇಲ್ಲ. ಎರಡೂ ನಿಜ. ಯಾರು ಯಾವುದನ್ನ ಹೇಳ್ತಾರೆ ಅಂತ ನೋಡಿದ್ರೆ ಅವರು ಯಾವ ಪಕ್ಷ ಅಂತ ಗೊತ್ತಾಗತ್ತೆ.

ಇದೇ ತೂಗಾಟದಿಂದ ಬ್ಲಾಕ್ ಸ್ಪಾಟ್ ವಿಷಯದಲ್ಲೂ ಒಂದು ಮೋಸ ಇದೆ. ನ್ಯಾಷನಲ್ ಹೈವೇಲಿ ಸುಮಾರು 500 ಮೀಟರ್ ಉದ್ದದೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲಾಂದ್ರೆ 10 ಸಾವು ಆಗಿದ್ರೆ ಅದು ಬ್ಲಾಕ್ ಸ್ಪಾಟ್. ಅಂದ್ರೆ ನಾವು ಆರಿಸ್ತಿರೋದೇ ಲೆಕ್ಕ ಮೇಲೆ ಹೋದಾಗ. ಮೇಲೆ ಹೋಗಿದ್ದರಲ್ಲಿ ಒಂದಷ್ಟು ನಿಜವಾದ ಅಪಾಯ, ಒಂದಷ್ಟು ಆ ಮೂರು ವರ್ಷದ ದುರದೃಷ್ಟ. ದುರದೃಷ್ಟದ ಭಾಗ ಮುಂದಿನ ಮೂರು ವರ್ಷ ತಾನಾಗೇ ಇಳಿಯತ್ತೆ. ಅಷ್ಟೊತ್ತಿಗೆ ನಾವು ಅಲ್ಲಿ ಒಂದು ಹಂಪ್ ಹಾಕಿ, ಬ್ಲಿಂಕರ್ ಕಟ್ಟಿ, "ನಿಧಾನವಾಗಿ ಚಲಿಸಿ" ಬೋರ್ಡ್ ನೆಟ್ಟಿರ್ತೀವಿ, ಇಳಿದಿದ್ದೆಲ್ಲ ಅದರ ಖಾತೆಗೆ ಹೋಗತ್ತೆ. ಹಂಪ್ ಹಾಕಬೇಡಿ ಅಂತಲ್ಲ ಸ್ವಾಮಿ. ಹಂಪ್ ಹಾಕದೇ ಇರೋ ಅಂಥದ್ದೇ ಇನ್ನೊಂದಿಷ್ಟು ಜಾಗದಲ್ಲೂ ಇಳಿದಿದ್ಯಾ ಅಂತ ನೋಡಿ, ಆಮೇಲೆ ಎಂಜಿನಿಯರ್‌ಗೆ ಹಾರ ಹಾಕಿ.

ಈಗ ಬೋರ್ಡಿಗೆ ವಾಪಸ್ ಬರೋಣ. ಮೇನಲ್ಲಿ 29, ಜೂನಲ್ಲಿ 28. ಒಂದು ಕಮ್ಮಿ, ಅದಕ್ಕೆ ಏನೂ ಅರ್ಥ ಇಲ್ಲ. 28ರಿಂದ 8? ವ್ಯತ್ಯಾಸ 20. ಎರಡು ತಿಂಗಳದ್ದು ಸೇರಿಸಿದ್ರೆ 36, ಅದರ ವರ್ಗಮೂಲ 6. ಸುಮ್ಮನೆ ತೂಗಾಡಿದ್ರೆ ವ್ಯತ್ಯಾಸ 6ರ ಆಸುಪಾಸು ಇರಬೇಕು, ಹೆಚ್ಚಂದ್ರೆ 12. 20 ಅಂದ್ರೆ ಅದು ತೂಗಾಟ ಅಲ್ಲ, ಏನೋ ಆಗಿದೆ. ಒಂದೇ ಕಾರಲ್ಲಿ ನಾಲ್ಕೈದು ಜನ ಹೋಗೋದು ಇರತ್ತಲ್ಲ, ಹಾಗಾಗಿ ಈ ಲೆಕ್ಕನ ಸ್ವಲ್ಪ ಸಡಿಲ ಮಾಡ್ಕೊಳ್ಳಿ, ಆದ್ರೂ ನಿಲ್ಲತ್ತೆ. ಮುಂದೆ ಇಡೀ ವರ್ಷದ ಲೆಕ್ಕನೂ ಬಂತು: 2023ರಲ್ಲಿ ಈ ಹೈವೇಲಿ 188 ಸಾವು, 2024ರಲ್ಲಿ 50. ಇಳಿದಿದ್ದು ನಿಜ, ನಿಂತಿದ್ದೂ ನಿಜ.

ಏನಾಯ್ತು ಆ ಜುಲೈನಲ್ಲಿ? ಮಾರ್ಚ್ 12ಕ್ಕೆ ಪ್ರಧಾನಿ ಬಂದು ಇಲ್ಲೇ ಮಂಡ್ಯದಲ್ಲಿ ಉದ್ಘಾಟನೆ ಮಾಡಿದ್ರು, 118 ಕಿಲೋಮೀಟರ್ ರಸ್ತೆ, ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಬೈಪಾಸ್ ಆಯ್ತು, ಮೊದಲ ಮೂರು ತಿಂಗಳು ಜನ ಹೊಸ ರಸ್ತೆ ಮೇಲೆ ಹುಚ್ಚೆದ್ದು ಓಡಿಸಿದ್ರು. ಜುಲೈನಲ್ಲಿ ಪೊಲೀಸರು ಸ್ಪೀಡ್ ಗನ್ ಹಿಡ್ಕೊಂಡು ರಸ್ತೆಗೆ ಇಳಿದ್ರು, ನೂರು ದಾಟಿದ್ರೆ ಫೈನು. ಅದೇ ಜುಲೈ 1ಕ್ಕೆ ಗಣಂಗೂರು ಟೋಲ್ ಶುರುವಾಯ್ತು. ಟೋಲ್ ಉಳಿಸೋಕೆ ಒಂದಷ್ಟು ಗಾಡಿ ಮೇನ್ ರೋಡ್ ಬಿಟ್ಟು ಸರ್ವೀಸ್ ರೋಡಿಗೆ, ಹಳೇ ರೋಡಿಗೆ ಇಳಿದಿರಬಹುದು, ಟೋಲ್ ಗೇಟು ತಾನಾಗೇ ಸ್ಪೀಡೂ ಮುರಿಯತ್ತೆ. ಆಗಸ್ಟ್ 1ಕ್ಕೆ ಬೈಕ್ ನಿಷೇಧ. 2024ರಲ್ಲಿ ಕ್ಯಾಮೆರಾಗಳು ಬಂದು ಮನೆಗೇ ನೋಟಿಸ್ ಬರೋಕೆ ಶುರುವಾಯ್ತು. ನನ್ನ ಪ್ರಕಾರ ಜುಲೈ ಇಳಿಕೆಗೆ ದೊಡ್ಡ ಕಾರಣ ಸ್ಪೀಡ್ ಗನ್ನು, ಯಾಕಂದ್ರೆ ಆಗ ಶುರುವಾದ ಟೋಲ್ ಇದ್ದಿದ್ದು ರಸ್ತೆಯ ಒಂದು ತುದಿಗೆ, ಇಳಿಕೆ ಬಂದಿದ್ದು ಇಡೀ ರಸ್ತೆಯ ಲೆಕ್ಕದಲ್ಲಿ. 2024ರ 50ಕ್ಕೆ ಎಲ್ಲ ಸೇರಿ ಕಾರಣ, ಅದರಲ್ಲಿ ನಿಷೇಧದ ಪಾಲೆಷ್ಟು, ಕ್ಯಾಮೆರಾ ಪಾಲೆಷ್ಟು ಅಂತ ಈ ನಂಬರಿಂದ ಬಿಡಿಸೋಕೆ ಬರಲ್ಲ.

ನಿಷೇಧದ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಬೈಕಿನವರು ಮಾಯ ಆಗಲಿಲ್ಲ, ಸರ್ವೀಸ್ ರೋಡಿಗೆ ಹೋದ್ರು. ಅಲ್ಲಿ ಎರಡೂ ಕಡೆಯಿಂದ ಗಾಡಿ, ಊರಿನ ದನಕರು, ಎದುರು ಬದುರು ಬಸ್ಸು. 2022ರಲ್ಲಿ ದೇಶದಲ್ಲಿ ರಸ್ತೇಲಿ ಸತ್ತವರಲ್ಲಿ ಶೇಕಡಾ 44.5 ಟೂವೀಲರ್‌ನವರು. ನಮ್ಮ ಹೈವೇ ಲೆಕ್ಕದಿಂದ ಅವರನ್ನ ಹೊರಗೆ ಕಳಿಸಿದ್ರೆ ಆ ರಸ್ತೆ ಲೆಕ್ಕ ಇಳಿಯೋದು ಸಹಜ. ಈ 50ರಲ್ಲಿ ಸರ್ವೀಸ್ ರೋಡಲ್ಲಿ ಸತ್ತವರು ಸೇರಿದ್ದಾರಾ, ಅದೇ ಅವಧಿಲಿ ಸುತ್ತಮುತ್ತಲ ಹಳೇ ರಸ್ತೆಗಳಲ್ಲಿ ಏರಿದ್ಯಾ? ಸ್ಟೇಷನ್ ಪ್ರಕಾರ ಒಟ್ಟು ಸಾವು ನೋಡಿದ್ರೆ ಇದು ಗೊತ್ತಾಗತ್ತೆ, ಹೈವೇ ಹೆಸರಲ್ಲಿ ಬರೋ ಲೆಕ್ಕ ನೋಡಿದ್ರೆ ಗೊತ್ತಾಗಲ್ಲ.

ಕೊನೇದಾಗಿ ಕಾರಣದ ಕಾಲಂ. 2022ರಲ್ಲಿ ದೇಶದ ಶೇಕಡಾ 71 ಸಾವಿಗೆ ಅತಿವೇಗ ಕಾರಣ ಅಂತ ವರದಿ. ಹೌದಾ? ನೀವು ಯಾವ್ದಾದ್ರೂ ಎಫ್‌ಐಆರ್ ಓದಿ, ಕರ್ನಾಟಕ ಪೊಲೀಸ್ ವೆಬ್‌ಸೈಟಲ್ಲೇ ಸಿಗತ್ತೆ. "ಸದರಿ ಲಾರಿಯ ಚಾಲಕನು ತನ್ನ ವಾಹನವನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಪಡಿಸಿದ ಪರಿಣಾಮ" ಅಂತ ಇರತ್ತೆ. ಹತ್ತು ಎಫ್‌ಐಆರ್ ಓದಿದ್ರೆ ಹತ್ತರಲ್ಲೂ ಹೆಚ್ಚುಕಮ್ಮಿ ಇದೇ ಸಾಲು. ಸೆಕ್ಷನ್ ನಿಲ್ಲಬೇಕಂದ್ರೆ ಹಾಗೆ ಬರೀಲೇಬೇಕು, ಮುಂದೆ ಅಪಘಾತ ಪರಿಹಾರದ ಎಂಎಸಿಟಿ ಕೋರ್ಟಲ್ಲೂ ಅದು ಬೇಕು. ಸ್ಪೀಡನ್ನ ಯಾರೂ ಅಳೆದಿರಲ್ಲ. ತಿರುವಲ್ಲಿ ರಾತ್ರಿ ಲೈಟ್ ಇರಲಿಲ್ಲ, ಡಿವೈಡರ್ ಒಡೆದು ಊರವರೇ ದಾರಿ ಮಾಡ್ಕೊಂಡಿದ್ರು, ಕೆಟ್ಟು ನಿಂತ ಲಾರಿಗೆ ರಿಫ್ಲೆಕ್ಟರ್ ಇರಲಿಲ್ಲ, ಇದಕ್ಕೆಲ್ಲ ಆ ಸಾಲಲ್ಲಿ ಜಾಗ ಇಲ್ಲ. ಸ್ಪೀಡ್ ಕೊಲ್ಲತ್ತೆ, ಅದರಲ್ಲಿ ಅನುಮಾನ ಬೇಡ, ಈಗ ತಾನೇ ಸ್ಪೀಡ್ ಗನ್ ಹೊಗಳಿದ್ದು ನಾನೇ. ಆದ್ರೆ ಈ 71ನ ಇಟ್ಕೊಂಡು ರಸ್ತೆ ಮಾಡಿದವರ ತಪ್ಪು ಬರೀ 29 ಅಂತ ಯಾರಾದ್ರೂ ಹೇಳಿದ್ರೆ ಒಪ್ಕೋಬೇಡಿ. ಹಾಗೇ ಮೂರರಲ್ಲಿ ಎರಡು ಭಾಗ ಅಪಘಾತ ನೇರ ರಸ್ತೇಲೇ ಆಗೋದು ಅಂತ ಇನ್ನೊಂದು ಸಾಲು ಬರತ್ತೆ. ರಸ್ತೆ ಬಹುಪಾಲು ನೇರನೇ ಇರತ್ತಲ್ಲಪ್ಪ, ಇನ್ನೆಲ್ಲಿ ಆಗ್ಬೇಕು.

ಪ್ರಶ್ನೆಗಳು ಸುಮಾರು ಬಂದ್ವು, ಎರಡು ಇಲ್ಲಿ ಹಾಕ್ತೀನಿ.

ಒಬ್ಬ ಹೆಣ್ಣುಮಗಳು ಕೇಳಿದ್ರು: ಸಾರ್, ಹೆಲ್ಮೆಟ್ ಇಲ್ಲದೇ 2022ರಲ್ಲಿ 50,029 ಜನ ಸತ್ರು ಅಂತ ಓದಿದ್ದೀನಿ, ಇದೂ ಹಾಗೇನಾ? ಅಮ್ಮ, ಒಳ್ಳೇ ಪ್ರಶ್ನೆ. ಆ ವರ್ಷ ಸತ್ತ ಟೂವೀಲರ್‌ನವರು ಸುಮಾರು 75 ಸಾವಿರ, ಅದರಲ್ಲಿ 50 ಸಾವಿರ ಅಂದ್ರೆ ಮೂರರಲ್ಲಿ ಎರಡು. ಇದಿಷ್ಟರಿಂದಲೇ ಹೆಲ್ಮೆಟ್ ಎಷ್ಟು ಕಾಪಾಡತ್ತೆ ಅಂತ ಹೇಳೋಕೆ ಬರಲ್ಲ, ರಸ್ತೆ ಮೇಲೆ ಓಡಾಡೋರಲ್ಲಿ ಹೆಲ್ಮೆಟ್ ಇಲ್ಲದವರು ಎಷ್ಟು ಭಾಗ ಅಂತ ಗೊತ್ತಿರಬೇಕು. ಊರಲ್ಲಿ ಮೂರರಲ್ಲಿ ಇಬ್ಬರು ಹಾಕದೇ ಓಡಾಡ್ತಿದ್ರೆ, ಹೆಲ್ಮೆಟ್‌ನಿಂದ ಏನೂ ಉಪಯೋಗ ಇಲ್ಲದಿದ್ರೂ ಸತ್ತವರಲ್ಲೂ ಮೂರರಲ್ಲಿ ಇಬ್ಬರು ಹಾಗೇ ಇರ್ತಾರೆ. ಹೆಲ್ಮೆಟ್ ಜೀವ ಉಳಿಸತ್ತೆ ಅನ್ನೋದು ಬೇರೆ ಸಂಶೋಧನೆಗಳಿಂದ ಚೆನ್ನಾಗಿ ಗೊತ್ತಿರೋ ವಿಷಯ, ಈ ನಂಬರ್ ಅದಕ್ಕೆ ಸಾಕ್ಷಿ ಅಲ್ಲ ಅಷ್ಟೇ. ನೀವು ಹಾಕ್ಕೊಳ್ಳಿ, ಹಿಂದೆ ಕೂರೋರಿಗೂ ಹಾಕಿಸಿ. ಆ 50 ಸಾವಿರದಲ್ಲಿ 14 ಸಾವಿರ ಜನ ಹಿಂದೆ ಕೂತಿದ್ದವರು.

ಇನ್ನೊಬ್ಬ ಹುಡುಗ, ಲೋಕಲ್ ಪೇಪರಲ್ಲಿ ಕೆಲಸ ಮಾಡ್ತಾನಂತೆ: ಸ್ಟೇಷನ್ ಪ್ರಕಾರ ಲೆಕ್ಕ ನಮಗೆ ಯಾರು ಕೊಡ್ತಾರೆ ಸಾರ್? ಎಸ್‌ಪಿ ಆಫೀಸಲ್ಲಿ ಡಿಸಿಆರ್‌ಬಿ ಅಂತ ಇದೆ, ಜಿಲ್ಲೆಯ ಲೆಕ್ಕ ಎಲ್ಲ ಅಲ್ಲಿಗೆ ಬರತ್ತೆ. ಮೊದಲು ಹೋಗಿ ಬಾಯಲ್ಲಿ ಕೇಳು, ಎಷ್ಟೋ ಸಲ ಹಾಗೇ ಕೊಡ್ತಾರೆ. ಕೊಡಲಿಲ್ಲ ಅಂದ್ರೆ ಆರ್‌ಟಿಐ, ನಮೂನೆ ಎ, ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಹಾಗಾಗಿ ಪೀಠಿಕೆ ಬರೀಬೇಡ. ಸ್ಟೇಷನ್ ಹೆಸರು, ಮಾರಣಾಂತಿಕ ಅಪಘಾತ ಎಷ್ಟು, ಸತ್ತವರು ಎಷ್ಟು, ಸತ್ತವರು ನಡ್ಕೊಂಡು ಹೋಗ್ತಿದ್ರಾ ಬೈಕಲ್ಲಿದ್ರಾ ಕಾರಲ್ಲಿದ್ರಾ, ಜಾಗ ಮೇನ್ ರೋಡಾ ಸರ್ವೀಸ್ ರೋಡಾ, ಇಷ್ಟನ್ನ ತಿಂಗಳ ಪ್ರಕಾರ 2022ರಿಂದ ಕೇಳು. 2022 ಯಾಕಂದ್ರೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಮುಂಚಿನ ವರ್ಷ ಒಂದು ಬೇಕು. ಗಾಯದ ಕೇಸಾಗಿ ಶುರುವಾಗಿ ಆಮೇಲೆ ಸಾವಿನ ಸೆಕ್ಷನ್ ಸೇರಿಸಿದ್ದು ಎಷ್ಟು ಅಂತ ಒಂದು ಕಾಲಂ ಜಾಸ್ತಿ ಹಾಕು. ಸತ್ತವರ ಹೆಸರು, ವಿಳಾಸ ಕೇಳಬೇಡ, ಅದು ನಿನಗೆ ಬೇಕಾಗಿಲ್ಲ, ಅದನ್ನ ಕೇಳಿದ್ರೆ ಅರ್ಜಿ ತಿರಸ್ಕಾರ ಮಾಡೋಕೆ ಅವರಿಗೊಂದು ದಾರಿ ಸಿಗತ್ತೆ. ಪಟ್ಟಿ ಬಂದ ಮೇಲೆ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಮೂರು ಕಡೆದೂ ಮೇನ್ ರೋಡು, ಸರ್ವೀಸ್ ರೋಡು ಎರಡನ್ನೂ ಪಕ್ಕಪಕ್ಕ ಇಟ್ಟು, 2023ರ ಆಗಸ್ಟಿಗೆ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ನೋಡಿ ಬರಿ. ಶೇಕಡಾ ಬೇಡ.